ನಮ್ಮ ಟೀಮ್ ಮೇಲೆ ಮೋಸದ ಆರೋಪ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಕಡೆ ಫುಟ್‌ಬಾಲ್ ನೋಡುವವರು ಸಿಕ್ಕಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ಚಾಂಪಿಯನ್ಸ್ ಲೀಗ್ ಮ್ಯಾಚ್ ಮುಗಿದು ರಾತ್ರಿ ಎರಡೂವರೆಗೆ ಗಾಡಿ ಸ್ಟಾರ್ಟ್ ಮಾಡುವಾಗ ಕೇಳಿದ್ದು, ಪತ್ರ ಬರೆದು ಕೇಳಿದ್ದು, ಮಹಾರಾಜ ಕಾಲೇಜು ಮೈದಾನದ ಪಕ್ಕ ನಿಂತು ವಾದ ಮಾಡಿದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನಾನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಅಭಿಮಾನಿ. ಹಾಗಾಗಿ ನಮ್ಮ ಕ್ಲಬ್ಬಿನ ಮಾತೇ ಇಲ್ಲಿ ಜಾಸ್ತಿ.

## ಮೊದಲು ತಿಳಿದುಕೊಳ್ಳಬೇಕಾದದ್ದು

ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಆರೋಪ ಬಂತು ಅಂದ್ರೆ ಏನೋ ಮಾಡಿರ್ತಾರೆ ಅಲ್ವಾ?

ಮಾಡಿರಬಹುದು, ಮಾಡದೆಯೂ ಇರಬಹುದು. ಮೊದಲು ಯಾರೋ ಸುದ್ದಿ ಹೊರಗೆ ಹಾಕುತ್ತಾರೆ. ಆಮೇಲೆ ಲೀಗ್ ತನಿಖೆ ಮಾಡುತ್ತದೆ. ಹುರುಳಿದೆ ಅನ್ನಿಸಿದರೆ ಅಧಿಕೃತವಾಗಿ ಆರೋಪ ಹೊರಿಸುತ್ತದೆ. ಅದಾದ ಮೇಲೆ ವಿಚಾರಣೆ, ತೀರ್ಪು, ಮೇಲ್ಮನವಿ. ಯಾರಾದರೂ "ಸಾಬೀತಾಗಿದೆ ಗುರು" ಅಂದರೆ, ಇದರಲ್ಲಿ ಯಾವ ಹಂತದ ಬಗ್ಗೆ ಹೇಳುತ್ತಿದ್ದೀರಿ ಅಂತ ಕೇಳಿ.

ಸಿಟಿ ವಿಷಯಕ್ಕೆ ಬಂದರೆ, ಕ್ಲಬ್ಬಿನ ಒಳಗಿನ ಮೇಲ್‌ಗಳನ್ನು ಜರ್ಮನಿಯ ಡೆರ್ ಷ್ಪೀಗೆಲ್ ಪತ್ರಿಕೆ ಅಚ್ಚು ಹಾಕಿದ್ದು 2018ರ ನವೆಂಬರ್‌ನಲ್ಲಿ. ಇಂಗ್ಲೆಂಡಿನ ಮೇಲ್ದರ್ಜೆಯ ಪ್ರೀಮಿಯರ್ ಲೀಗ್ ನಿಯಮ ಮುರಿದರು ಅಂತ ಸಿಟಿ ಮೇಲೆ 115 ಆರೋಪ ಹೊರಿಸಿದ್ದು 2023ರ ಫೆಬ್ರವರಿ 6ರಂದು. ವಿಚಾರಣೆ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯಿತು. ಆಮೇಲೆ ತಿಂಗಳುಗಟ್ಟಲೆ ಕಾಯೋದೇ ಆಯಿತು. ಕ್ಲಬ್ ಮೊದಲ ದಿನದಿಂದಲೂ ಎಲ್ಲವನ್ನೂ ಅಲ್ಲಗಳೆದಿದೆ.

115, 115 ಅಂತ ಕೂಗ್ತಾರಲ್ಲ, ಅದರೊಳಗೆ ಏನಿದೆ? ಯಾರೂ ಹೇಳಲ್ಲ.

ಐದು ಗುಂಪುಗಳಿವೆ. 2009-10ರಿಂದ 2017-18ರವರೆಗಿನ ಸೀಸನ್‌ಗಳಲ್ಲಿ ಹಣಕಾಸಿನ ಸರಿಯಾದ ಲೆಕ್ಕ ಕೊಡಲಿಲ್ಲ ಅನ್ನುವುದಕ್ಕೆ 54. ಆಟಗಾರರಿಗೆ, ಮ್ಯಾನೇಜರ್‌ಗೆ ಕೊಟ್ಟ ದುಡ್ಡಿನ ಪೂರ್ತಿ ವಿವರ ಕೊಡಲಿಲ್ಲ ಅನ್ನುವುದಕ್ಕೆ 14. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಎಫಾದ ನಿಯಮ ಮುರಿದರು ಅನ್ನುವುದಕ್ಕೆ 5. ಲೀಗಿನ ಲಾಭ-ನಷ್ಟದ ನಿಯಮಕ್ಕೆ 7. ತನಿಖೆಗೆ ಸಹಕಾರ ಕೊಡಲಿಲ್ಲ ಅನ್ನುವುದಕ್ಕೆ 35. ಕೂಡಿ ನೋಡಿ, 115 ಆಗುತ್ತದೆ.

ಅಂದರೆ 115 ಬೇರೆ ಬೇರೆ ಕಳ್ಳತನ ಅಂತ ಅರ್ಥ ಅಲ್ಲ. ಒಂದೇ ನಿಯಮವನ್ನು ಸೀಸನ್ ಸೀಸನ್‌ಗೂ ಬೇರೆಯಾಗಿ ಎಣಿಸಿದ್ದಾರೆ. ಇದನ್ನು ಹೇಳಿದರೆ ಸಿಟಿಯವರು ಖುಷಿಪಡುತ್ತಾರೆ. ಆದರೆ ಆ ಕೊನೆಯ 35 ನನಗೆ ತುಂಬ ಬೇಸರ ತರುವ ಸಂಖ್ಯೆ. ಲೆಕ್ಕದಲ್ಲಿ ಸಂಬಳ, ಪ್ರಾಯೋಜಕತ್ವ ಅಂತೆಲ್ಲ ಗೊಂದಲ ಇರಬಹುದು. ಕೇಳಿದ ಕಾಗದ ಕೊಡೋದರಲ್ಲಿ ಏನು ಗೊಂದಲ? ಅದಕ್ಕೆ ಕ್ಲಬ್ಬಿನ ಉತ್ತರ ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ನಮಗಿದೆ.

ದುಡ್ಡು ಖರ್ಚು ಮಾಡೋದು ಹೇಗೆ ಮೋಸ ಆಗುತ್ತೆ? ಅವರ ದುಡ್ಡು, ಅವರಿಷ್ಟ.

ಇದು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ಖರ್ಚು ಮಾಡೋದು ತಪ್ಪಲ್ಲ. ಪ್ರೀಮಿಯರ್ ಲೀಗಿನಲ್ಲಿ ಮೂರು ವರ್ಷಕ್ಕೆ ಒಟ್ಟು 105 ಮಿಲಿಯನ್ ಪೌಂಡ್‌ಗಿಂತ ಜಾಸ್ತಿ ನಷ್ಟ ತೋರಿಸಬಾರದು ಅಂತ ಒಂದು ಮಿತಿ ಇಟ್ಟುಕೊಂಡರು. ಎಲ್ಲ ಕ್ಲಬ್ಬುಗಳಿಗೂ ಅನ್ವಯವಾಗುತ್ತಿದ್ದ ನಿಯಮ ಅದು. ಮಾಲೀಕರು ಎಷ್ಟೇ ಶ್ರೀಮಂತರಾದರೂ ಕ್ಲಬ್ ತನ್ನ ಸಂಪಾದನೆ ನೋಡಿಕೊಂಡು ಆಟಗಾರರನ್ನು ಕೊಳ್ಳಬೇಕು.

ಹಾಗಾದರೆ ಸಂಪಾದನೆ ಜಾಸ್ತಿ ತೋರಿಸೋದು ಹೇಗೆ? ಇಲ್ಲೇ ಪ್ರಾಯೋಜಕತ್ವದ ಮಾತು ಬರುತ್ತದೆ. ಡೆರ್ ಷ್ಪೀಗೆಲ್ ಹಾಕಿದ ಒಂದು ಮೇಲ್ ಪ್ರಕಾರ, ಎತಿಹಾದ್ ವಿಮಾನ ಕಂಪನಿಯ 67.5 ಮಿಲಿಯನ್ ಪೌಂಡ್ ಪ್ರಾಯೋಜಕತ್ವದಲ್ಲಿ ಕಂಪನಿ ನೇರವಾಗಿ ಕೊಟ್ಟಿದ್ದು 8 ಮಿಲಿಯನ್ ಮಾತ್ರ. ಉಳಿದದ್ದು ಮಾಲೀಕರ ಕಡೆಯಿಂದ ಬಂದಿತ್ತು ಅನ್ನೋದು ಆರೋಪ. ಕ್ಲಬ್ ಇದನ್ನು ಒಪ್ಪಲ್ಲ. ಇದು ನಿಜವಾಗಿದ್ದರೆ ಮಾತ್ರ, ಸಂಪಾದನೆ ಅಂತ ತೋರಿಸಿದ್ದು ಮಾಲೀಕರ ಜೇಬಿನ ದುಡ್ಡು ಅಂತಾಗುತ್ತದೆ. ಆಗ, ನಿಯಮ ಪಾಲಿಸಿ ಒಳ್ಳೆ ಆಟಗಾರನನ್ನು ಕೈಬಿಟ್ಟ ಇನ್ನೊಂದು ಕ್ಲಬ್ಬಿಗೆ ಅನ್ಯಾಯ ಆಯಿತು ಅಲ್ವಾ? ಆ ಕ್ಲಬ್ಬಿಗೂ ನಮ್ಮಂಥವರೇ ಅಭಿಮಾನಿಗಳು. ಅವರೂ ನಿದ್ದೆಗೆಟ್ಟು ನೋಡಿದವರೇ.

ಕೈಯಲ್ಲಿ ಗೋಲ್ ಹಾಕೋದು, ಬೇಹುಗಾರಿಕೆ ಮಾಡೋದು, ಮ್ಯಾಚ್ ಕೊಂಡ್ಕೊಳ್ಳೋದು, ಎಲ್ಲಾ ಒಂದೇ ತಾನೆ?

ಒಂದೇ ತೂಕದ್ದಲ್ಲ. 1986ರ ಜೂನ್ 22ರಂದು ಮರಡೋನಾ ಇಂಗ್ಲೆಂಡ್ ಮೇಲೆ ಕೈಯಲ್ಲಿ ಗೋಲ್ ಹಾಕಿದರು. ಲಕ್ಷ ಜನರ ಎದುರು ಆಗಿದ್ದು, ರೆಫರಿ ಕಣ್ಣಿಗೆ ಬೀಳಲಿಲ್ಲ. 2010ರ ವಿಶ್ವಕಪ್‌ನಲ್ಲಿ ಉರುಗ್ವೆಯ ಸುವಾರೆಜ್ ಘಾನಾದ ಗೋಲನ್ನು ಗೆರೆಯ ಮೇಲೆ ನಿಂತು ಕೈಯಲ್ಲಿ ತಡೆದರು. ಅವರಿಗೆ ಕೆಂಪು ಕಾರ್ಡ್ ಸಿಕ್ಕಿತು, ಘಾನಾಕ್ಕೆ ಪೆನಾಲ್ಟಿ ಸಿಕ್ಕಿತು, ಅದು ಅಡ್ಡಪಟ್ಟಿಗೆ ಬಡಿಯಿತು. ಅದು ತಪ್ಪು ಹೌದು. ಆದರೆ ನಿಯಮ ಹೇಳಿದ ಶಿಕ್ಷೆ ಅಲ್ಲೇ ಆಯಿತು. ಅವರನ್ನು ಮೋಸಗಾರ ಅನ್ನೋದು ನನಗೆ ಕಷ್ಟ. ಮರಡೋನಾ ಮಾಡಿದ್ದು ಮೋಸ ಅನ್ನೋದು ನನಗೆ ಕಷ್ಟವೇ ಅಲ್ಲ. ಅದೇ ಮ್ಯಾಚಿನ ಎರಡನೇ ಗೋಲ್ ಎಷ್ಟೇ ಚೆನ್ನಾಗಿರಲಿ.

ಮ್ಯಾಚ್ ಕೊಂಡುಕೊಳ್ಳೋದು ಇದೆಲ್ಲಕ್ಕಿಂತ ಬೇರೆ. ಅಲ್ಲಿ ನೀವು ನೋಡುತ್ತಿರುವುದು ಆಟವೇ ಅಲ್ಲ.

ಎವರ್ಟನ್‌ಗೆ ಬೇಗ ಶಿಕ್ಷೆ ಕೊಟ್ರು, ಸಿಟಿಗೆ ಯಾಕೆ ಇಷ್ಟು ವರ್ಷ? ದೊಡ್ಡವರಿಗೊಂದು ನ್ಯಾಯನಾ?

ಅದೇ ಲೀಗಿನ ಎವರ್ಟನ್ ಮೇಲೆ ಇದ್ದದ್ದು ಒಂದೇ ಪ್ರಶ್ನೆ: ನಷ್ಟ ಮಿತಿ ದಾಟಿತಾ ಇಲ್ವಾ? ದಾಟಿದೆ ಅಂತ ಕ್ಲಬ್ಬೇ ಒಪ್ಪಿಕೊಂಡಿತು, ಎಷ್ಟು ದಾಟಿದೆ ಅನ್ನೋದರ ಮೇಲೆ ಮಾತ್ರ ವಾದ ನಡೆಯಿತು. 2023ರ ನವೆಂಬರ್‌ನಲ್ಲಿ 10 ಅಂಕ ಕಿತ್ತುಕೊಂಡರು, ಮೇಲ್ಮನವಿಯಲ್ಲಿ ಅದು 6 ಆಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 2024ರ ಮಾರ್ಚ್‌ನಲ್ಲಿ 4 ಅಂಕ ಹೋಯಿತು. ಸಿಟಿ ಒಂದನ್ನೂ ಒಪ್ಪಿಲ್ಲ. ಹಾಗಾಗಿ ಎಷ್ಟೋ ವರ್ಷಗಳ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ತಡಕ್ಕೆ ಕಾರಣ ಇದೆ. ಆದರೆ ದೊಡ್ಡ ವಕೀಲರನ್ನು ಇಡೋಕೆ ದುಡ್ಡಿರುವವರು ಎಳೆದಾಡಬಹುದು ಅನ್ನೋ ಸಿಟ್ಟೂ ನ್ಯಾಯವಾದದ್ದೇ. ಎವರ್ಟನ್ ಅಭಿಮಾನಿಯ ಮುಂದೆ ನಾನು ಅದನ್ನು ಅಲ್ಲಗಳೆಯಲ್ಲ.

## ಗೆಳೆಯರು, ಮನೆ, ಊರು

ಆಫೀಸಲ್ಲಿ 'ಕಳ್ಳ ಟೀಮ್' ಅಂತ ರೇಗಿಸ್ತಾರೆ. ಏನ್ ಉತ್ತರ ಕೊಡ್ಲಿ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಆಡಬೇಡಿ. ಕದ್ದಿದ್ದರೆ ಕದ್ದವರು ನೀವಲ್ಲ. ರೇಗಿಸೋದು ಅಭಿಮಾನದ ಒಂದು ಭಾಗ. ಅದೇ ಊರಿನ ಎದುರಾಳಿ ಯುನೈಟೆಡ್ ಕ್ಲಬ್ಬಿನ ಅಭಿಮಾನಿ ನಿಮ್ಮನ್ನು ರೇಗಿಸದೆ ಇನ್ಯಾರನ್ನು ರೇಗಿಸಬೇಕು? ನಗಿ, ಟೀ ಕುಡಿಯಿರಿ. ಯಾರಾದರೂ ನಿಜವಾಗಿ ವಿಷಯ ತಿಳಿಯೋಕೆ ಕೇಳಿದರೆ ಗೊತ್ತಿರುವುದನ್ನು ಹೇಳಿ. "ನಿಮ್ಮ ಟೀಮ್ ಏನ್ ಕಮ್ಮಿನಾ" ಅಂತ ಮಾತ್ರ ಶುರು ಮಾಡಬೇಡಿ. ಅವರ ಟೀಮ್ ಏನು ಮಾಡಿತು ಅನ್ನೋದರಿಂದ ನಿಮ್ಮ ಟೀಮಿನ ಲೆಕ್ಕ ಸರಿಹೋಗಲ್ಲ.

ಇದು ಕ್ರಿಕೆಟ್ ಊರು. ಈ ಪೌಂಡು, ಯುಎಫಾ ಎಲ್ಲಾ ಯಾರಿಗೆ ಅರ್ಥ ಮಾಡಿಸೋದು?

ಕ್ರಿಕೆಟ್ಟಿಂದಲೇ ಅರ್ಥ ಮಾಡಿಸಿ. 2015ರ ಜುಲೈನಲ್ಲಿ ಲೋಧಾ ಸಮಿತಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳನ್ನು ಎರಡು ವರ್ಷ ಐಪಿಎಲ್‌ನಿಂದ ಹೊರಗಿಟ್ಟಿತು. ತಂಡಕ್ಕೆ ಸಂಬಂಧಪಟ್ಟವರು ಬೆಟ್ಟಿಂಗ್ ಮಾಡಿದ್ದರು ಅನ್ನೋದು ಕಾರಣ. 2018ರಲ್ಲಿ ಚೆನ್ನೈ ವಾಪಸ್ ಬಂತು, ಆ ವರ್ಷವೇ ಕಪ್ ಗೆದ್ದಿತು. ಆಗ ನಮ್ಮ ಊರಿನ ಆರ್‌ಸಿಬಿ ಅಭಿಮಾನಿಗಳು ಚೆನ್ನೈ ಅಭಿಮಾನಿಗಳಿಗೆ ಏನೆಲ್ಲ ಅಂದರು? "ಫಿಕ್ಸಿಂಗ್ ಟೀಮ್" ಅನ್ನೋ ಮಾತು ವರ್ಷಗಟ್ಟಲೆ ಓಡಿತು. ಮೈದಾನದಲ್ಲಿ ಬೆವರು ಸುರಿಸಿದ ಆಟಗಾರ ಬೇರೆ, ಬಾಕ್ಸ್‌ನಲ್ಲಿ ಕೂತು ಬೆಟ್ ಕಟ್ಟಿದವರು ಬೇರೆ ಅಂತ ಆಗ ಯಾರೂ ಬಿಡಿಸಿ ನೋಡಲಿಲ್ಲ.

ಅದೇ ಜನ ಈಗ ಸಿಟಿ ಅಥವಾ ಬಾರ್ಸಾ (ಸ್ಪೇನ್‌ನ ಬಾರ್ಸಿಲೋನಾ) ಜರ್ಸಿ ಹಾಕಿಕೊಂಡು "ಆಟಗಾರರ ತಪ್ಪೇನಿದೆ" ಅಂತ ಕೇಳುತ್ತಾರೆ. ಪ್ರಶ್ನೆ ಸರಿಯಾಗಿದೆ, ಆಗಲೂ ಸರಿಯಾಗಿತ್ತು. ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಇದೊಂದೇ: ನಿಮ್ಮ ಟೀಮಿನ ಹೆಸರು ತೆಗೆದು ನಿಮಗೆ ಆಗದ ಟೀಮಿನ ಹೆಸರು ಹಾಕಿ, ಅದೇ ಸುದ್ದಿ ಮತ್ತೊಮ್ಮೆ ಓದಿ. ಆಗ ಏನು ಹೇಳುತ್ತಿದ್ದಿರೋ ಅದನ್ನೇ ಈಗಲೂ ಹೇಳಿ.

ಕಂಠೀರವದಲ್ಲಿ ಛೆಟ್ರಿ ಹೊಡೆದ ಫ್ರೀ ಕಿಕ್ ಮೋಸಾನಾ? ನಾನು ಬಿಎಫ್‌ಸಿ ಫ್ಯಾನ್, ನೇರವಾಗಿ ಹೇಳಿ.

ಮೋಸ ಅಲ್ಲ. ಆದರೆ ಕೇರಳದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವತ್ತು ಆಗಿದ್ದು ಇದು. 2023ರ ಮಾರ್ಚ್ 3, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್, ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಮತ್ತು ಕೇರಳ ಬ್ಲಾಸ್ಟರ್ಸ್. 90 ನಿಮಿಷಕ್ಕೆ ಗೋಲ್ ಇಲ್ಲ. ಹೆಚ್ಚುವರಿ ಸಮಯ ಶುರುವಾದ ಸ್ವಲ್ಪ ಹೊತ್ತಿಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಚೆಂಡಿಗೆ ಅಡ್ಡವಾಗಿ ಸಾಲಾಗಿ ಗೋಡೆ ಕಟ್ಟೋಕೆ ನಿಲ್ಲುತ್ತಿದ್ದರು, ಗೋಲ್‌ಕೀಪರ್ ಅವರನ್ನು ಸರಿಮಾಡುತ್ತಿದ್ದರು. ಬೆಂಗಳೂರಿನ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟರು. ರೆಫರಿ ಗೋಲ್ ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ಅವರು ವಾಪಸ್ ಬರಲೇ ಇಲ್ಲ. ಮ್ಯಾಚ್ ಬೆಂಗಳೂರಿನದ್ದಾಯಿತು.

ನಿಯಮ ನೋಡಿ. ಫ್ರೀ ಕಿಕ್ ಹೊಡೆಯೋಕೆ ಪ್ರತಿಸಲ ವಿಸಿಲ್ ಬೇಕಿಲ್ಲ. ಗೋಡೆಯನ್ನು ಹಿಂದೆ ಕಳಿಸಿ ಅಂತ ಹೊಡೆಯುವವರು ಕೇಳಿದರೆ, ಅಥವಾ ರೆಫರಿಯೇ ಆಟ ತಡೆದು ನಿಲ್ಲಿಸಿದರೆ, ಆಗ ವಿಸಿಲ್‌ಗೆ ಕಾಯಬೇಕು. ಇಲ್ಲದಿದ್ದರೆ ಬೇಗ ಹೊಡೆಯಬಹುದು. ವಿಸಿಲ್ ಬೇಡ, ಗೋಡೆ ಬೇಡ ಅಂತ ರೆಫರಿಗೆ ಮೊದಲೇ ಹೇಳಿದ್ದೆ ಅಂತ ಛೆಟ್ರಿ ಆಮೇಲೆ ಹೇಳಿದರು. ಹಾಗಿದ್ದರೆ ಎಲ್ಲವೂ ನಿಯಮದ ಒಳಗೇ ಇದೆ. ರೆಫರಿ ಅವಕಾಶ ಕೊಟ್ಟಿದ್ದು ಎದುರಾಳಿಗೆ ಗೊತ್ತಾಗದೆ ಹೋಯಿತಾ ಅನ್ನೋದು ರೆಫರಿಯನ್ನು ಕೇಳಬೇಕಾದ ಪ್ರಶ್ನೆ. ಛೆಟ್ರಿಯನ್ನು ಕೇಳಬೇಕಾದದ್ದಲ್ಲ.

ಮ್ಯಾಚ್ ಮತ್ತೆ ಆಡಿಸಿ ಅನ್ನೋ ಬ್ಲಾಸ್ಟರ್ಸ್ ಬೇಡಿಕೆಯನ್ನು ಫೆಡರೇಷನ್ ಒಪ್ಪಲಿಲ್ಲ. ಹೊರನಡೆದದ್ದಕ್ಕೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ 10 ಮ್ಯಾಚ್ ನಿಷೇಧ ಆಯಿತು. ಇದೆಲ್ಲ ಗೊತ್ತಿದ್ದೂ ನಾನು ಬಿಎಫ್‌ಸಿ ಗೆಳೆಯರಿಗೆ ಒಂದು ಮಾತು ಕೇಳುತ್ತೇನೆ. ಅದೇ ಗೋಲನ್ನು ಬ್ಲಾಸ್ಟರ್ಸ್ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಮೇಲೆ ಕೊಚ್ಚಿಯಲ್ಲಿ ಹಾಕಿದ್ದರೆ? ಮಂಡ್ಯದಿಂದ ರೈಲು ಹತ್ತಿ ಬಂದವರು ಬಿಎಫ್‌ಸಿ ಅಭಿಮಾನಿಗಳ ವೆಸ್ಟ್ ಬ್ಲಾಕ್‌ನಲ್ಲಿ ಅವತ್ತು ಕೂಗಿದ್ದನ್ನೇ ಕೂಗುತ್ತಿದ್ದರಾ?

ಮಗಳಿಗೆ ಹತ್ತು ವರ್ಷ. 'ನಮ್ಮ ಟೀಮ್ ಕಳ್ಳರಾ ಅಮ್ಮಾ' ಅಂತ ಕೇಳ್ತಾಳೆ. ಏನ್ ಹೇಳ್ಲಿ?

ಮಂಡ್ಯದ ತಾಯಿಯೊಬ್ಬರು ಬರೆದು ಕೇಳಿದ್ದು. "ಇನ್ನೂ ಗೊತ್ತಿಲ್ಲ ಪುಟ್ಟಾ, ತೀರ್ಪು ಬರಬೇಕು" ಅನ್ನಿ. ಅದು ನಿಜ, ಮತ್ತು ಮಕ್ಕಳಿಗೆ ಅರ್ಥವಾಗುತ್ತದೆ. "ಎಲ್ಲರೂ ಮಾಡ್ತಾರೆ ಬಿಡು" ಅಂತ ಮಾತ್ರ ಹೇಳಬೇಡಿ. ಬೀದಿಯಲ್ಲಿ ಆಡುವ ಮಕ್ಕಳಿಗೆ ನ್ಯಾಯದ ಬಗ್ಗೆ ನಮಗಿಂತ ಚೆನ್ನಾಗಿ ಗೊತ್ತು. ಚೆಂಡು ಚಪ್ಪಲಿಯ ಮೇಲೆ ಹೋಯ್ತೋ ಪಕ್ಕದಲ್ಲಿ ಹೋಯ್ತೋ ಅಂತ ಅರ್ಧ ಗಂಟೆ ಜಗಳ ಆಡ್ತಾರಲ್ಲ, ಅದು ಸುಮ್ನೆ ಅಲ್ಲ. ಅವಳಿಗೆ ಇಷ್ಟವಾದ ಆಟಗಾರನ ಬಗ್ಗೆ ಬೇಕಾದರೆ ಬೇರೆ ಹೇಳಿ: ಲೆಕ್ಕ ಬರೆದವರು ಬೇರೆ, ಗೋಲ್ ಹೊಡೆದವರು ಬೇರೆ. ತೀರ್ಪು ಬಂದ ಮೇಲೆ ಅದನ್ನೂ ಅವಳಿಗೆ ಹೇಳಿ, ಮುಚ್ಚಿಡಬೇಡಿ.

ಜರ್ಸಿ ಹಾಕೋದು ಬಿಡ್ಬೇಕಾ?

ಬೇಡ. ಹಾಕಿಕೊಳ್ಳಿ. ನಾನು ಹಾಕಿಕೊಳ್ಳುತ್ತೇನೆ. ಹೊಸದು ಕೊಂಡು ಕ್ಲಬ್ಬಿಗೆ ಇನ್ನಷ್ಟು ದುಡ್ಡು ಕೊಡಬೇಕಾ ಅನ್ನೋದು ಬೇರೆ ಪ್ರಶ್ನೆ. ಅದನ್ನು ತೀರ್ಪಿನವರೆಗೆ ಮುಂದೂಡಿದರೆ ನಷ್ಟ ಏನಿಲ್ಲ.

ಟೀಮ್ ಬದಲಾಯಿಸಿದ್ರೆ ದ್ರೋಹ ಆಗುತ್ತಾ?

ಇಲ್ಲ. ಆದರೆ ಬದಲಾಯಿಸಿದ ತಕ್ಷಣ ಹಳೇ ಟೀಮನ್ನು ಎಲ್ಲರಿಗಿಂತ ಜೋರಾಗಿ ಬೈಯೋದು ಚೆನ್ನಾಗಿರಲ್ಲ.

ನಮ್ಮ ಊರಿನ ಟೂರ್ನಮೆಂಟಲ್ಲೇ ವಯಸ್ಸು ಸುಳ್ಳು ಹೇಳಿ ಆಡಿಸ್ತಾರೆ. ಇಂಗ್ಲೆಂಡ್ ಬಗ್ಗೆ ಯಾಕೆ ತಲೆ ಕೆಡಿಸ್ಕೋಬೇಕು?

ಎರಡರ ಬಗ್ಗೆಯೂ ಕೆಡಿಸಿಕೊಳ್ಳಬೇಕು. ಇದನ್ನು ಕೇಳಿದವರು ಒಬ್ಬ ಕೋಚ್, ಅವರ ಮಾತಿನಲ್ಲಿ ನೋವಿತ್ತು. 14 ವರ್ಷದೊಳಗಿನವರ ಮ್ಯಾಚಿಗೆ ಮೀಸೆ ಬಂದ ಹುಡುಗ ಇಳಿಯುತ್ತಾನೆ. ಅವನ ಕೈಯಲ್ಲಿ ಸರ್ಟಿಫಿಕೇಟ್ ಇರುತ್ತದೆ. ಎದುರಿಗೆ ನಿಜವಾಗಿ 13 ವರ್ಷದ ಹುಡುಗ, ಭುಜಕ್ಕೆ ಭುಜ ತಾಗಿದರೆ ಎರಡು ಮಾರು ದೂರ ಹೋಗಿ ಬೀಳುತ್ತಾನೆ. ಆ ಹುಡುಗ ಮರುವರ್ಷ ಆಟ ಬಿಡುತ್ತಾನೆ. ಅವನು ಬಿಟ್ಟಿದ್ದು ಯಾರಿಗೂ ಸುದ್ದಿಯಲ್ಲ.

ಇದಕ್ಕೆ ಪರೀಕ್ಷೆ ಇದೆ. ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆ ನೋಡಿ ವಯಸ್ಸು ಅಂದಾಜು ಮಾಡುವ ಟಿಡಬ್ಲ್ಯೂ3 ವಿಧಾನ ನಮ್ಮ ದೇಶದ ಕ್ರೀಡೆಯಲ್ಲಿ ಬಳಕೆಯಲ್ಲಿದೆ. ಫಿಫಾ 2009ರಿಂದ 17 ವರ್ಷದೊಳಗಿನವರ ವಿಶ್ವಕಪ್‌ಗೆ ಮಣಿಕಟ್ಟಿನ ಎಂಆರ್‌ಐ ಮಾಡಿಸುತ್ತಿದೆ. ಊರಿನ ಟೂರ್ನಮೆಂಟಿಗೆ ಅಷ್ಟು ಖರ್ಚು ಆಗಲ್ಲ ನಿಜ. ಆದರೆ ನಮ್ಮ ಬಡಾವಣೆಯ ಟೀಮ್ ಗೆಲ್ಲುವಾಗ ಮೀಸೆ ಕಂಡರೂ ಕಾಣದ ಹಾಗೆ ಚಪ್ಪಾಳೆ ಹೊಡೆಯುವವರು ನಾವೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ. ಅದಕ್ಕೆ ಎಕ್ಸ್-ರೇ ಬೇಕಿಲ್ಲ. ಇವನ್ಯಾರು, ಯಾವ ಕ್ಲಾಸು ಅಂತ ನಮ್ಮ ಕಡೆಯವರೇ ಯಾರಾದರೂ ಒಬ್ಬರು ಕೇಳಿದರೆ ಸಾಕು.

## ಸ್ವಲ್ಪ ಆಳಕ್ಕೆ ಹೋಗುವವರಿಗೆ

ಸಿಎಎಸ್ ಕೋರ್ಟು ಸಿಟಿನ ಬಿಟ್ಟುಬಿಡ್ತಲ್ಲ. ನಿರ್ದೋಷಿ ಅಂತ ತಾನೆ ಅರ್ಥ?

ಪೂರ್ತಿ ಹಾಗಲ್ಲ. 2020ರ ಫೆಬ್ರವರಿಯಲ್ಲಿ ಯುಎಫಾ ಸಿಟಿಗೆ ತನ್ನ ಟೂರ್ನಿಗಳಿಂದ ಎರಡು ವರ್ಷ ನಿಷೇಧ, 30 ಮಿಲಿಯನ್ ಯೂರೋ ದಂಡ ಹಾಕಿತು. ಅದೇ ವರ್ಷ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ (ಸಿಎಎಸ್) ನಿಷೇಧ ತೆಗೆದುಹಾಕಿತು. ಕೆಲವು ಆರೋಪ ಸಾಬೀತಾಗಲಿಲ್ಲ, ಕೆಲವಕ್ಕೆ ಯುಎಫಾ ನಿಯಮದ ಐದು ವರ್ಷದ ಅವಧಿ ಮೀರಿತ್ತು. ಸಾಬೀತಾಗದೆ ಇದ್ದದ್ದು ಒಂದು, ಕಾಲ ಮೀರಿದ್ದು ಇನ್ನೊಂದು. ಸಿಟಿ ಅಭಿಮಾನಿಗಳು ಮೊದಲನೆಯದನ್ನು ಮಾತ್ರ ಹೇಳುತ್ತಾರೆ, ಉಳಿದವರು ಎರಡನೆಯದನ್ನು ಮಾತ್ರ. ತನಿಖೆಗೆ ಸಹಕರಿಸದ್ದಕ್ಕೆ 10 ಮಿಲಿಯನ್ ಯೂರೋ ದಂಡ ಉಳಿಯಿತು ಅನ್ನೋದನ್ನು ಎರಡೂ ಕಡೆಯವರು ಮರೆಯುತ್ತಾರೆ.

ಮೇಲ್‌ಗಳನ್ನ ಕದ್ದು ಹೊರಗೆ ಹಾಕಿದ್ದು. ಕಳ್ಳನ ಮಾತು ನಂಬಬೇಕಾ?

ಹೊರಗೆ ಹಾಕಿದ್ದು ಪೋರ್ಚುಗಲ್‌ನ ರೂಯಿ ಪಿಂಟೋ. ಬೇರೆ ಕೆಲವು ಅಪರಾಧಗಳಿಗೆ ಅಲ್ಲಿನ ಕೋರ್ಟು 2023ರಲ್ಲಿ ಅವರಿಗೆ ನಾಲ್ಕು ವರ್ಷದ ಅಮಾನತು ಶಿಕ್ಷೆ ಕೊಟ್ಟಿತು. ಅವರು ತೆಗೆದ ರೀತಿ ತಪ್ಪು ಅನ್ನಬಹುದು. ಆದರೆ ಮೇಲ್‌ನಲ್ಲಿ ಬರೆದದ್ದು ನಿಜವಾ ಸುಳ್ಳಾ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಮೇಲ್ ಬರೆದವರೇ ಕೊಡಬೇಕು.

ಅಭಿಮಾನಿಗಳು ಸುದ್ದಿ ಹೇಳಿದವರ ಮೇಲೆ ಬೀಳೋದು ಹೊಸದಲ್ಲ. 1993ರ ಮೇ 20ರಂದು ಫ್ರಾನ್ಸಿನ ಮಾರ್ಸೇ ತಂಡ ವಾಲೆನ್ಸಿಯೆನ್ ಜೊತೆ ಲೀಗ್ ಮ್ಯಾಚ್ ಆಡಬೇಕಿತ್ತು. ಆರು ದಿನಕ್ಕೆ ಚಾಂಪಿಯನ್ಸ್ ಲೀಗ್ ಫೈನಲ್. ವಾಲೆನ್ಸಿಯೆನ್‌ನ ಕೆಲವು ಆಟಗಾರರಿಗೆ ಮೆಲ್ಲಗೆ ಆಡಿ ಅಂತ ಮಾರ್ಸೇ ಕಡೆಯವರು ದುಡ್ಡು ಕೊಡೋಕೆ ಬಂದರು. ಝಾಕ್ ಗ್ಲಾಸ್‌ಮನ್ ಅನ್ನೋ ಆಟಗಾರ ತೆಗೆದುಕೊಳ್ಳಲಿಲ್ಲ, ವಿಷಯ ಹೊರಗೆ ಹೇಳಿದರು. ಇನ್ನೊಬ್ಬ ಆಟಗಾರನ ಸಂಬಂಧಿಕರ ಮನೆಯ ತೋಟದಲ್ಲಿ ಹೂತಿಟ್ಟ 2,50,000 ಫ್ರಾಂಕ್ ಸಿಕ್ಕಿತು. ಅಷ್ಟಾದರೂ ಗ್ಲಾಸ್‌ಮನ್ ಹೋದ ಮೈದಾನಗಳಲ್ಲಿ ಜನ ಅವರಿಗೇ ಸಿಳ್ಳೆ ಹೊಡೆದು ಬೈದರು. ಆಟದ ಮಾನ ಉಳಿಸಿದವರಿಗೆ! 1995ರಲ್ಲಿ ಫಿಫಾ ಅವರಿಗೆ ಫೇರ್ ಪ್ಲೇ ಪ್ರಶಸ್ತಿ ಕೊಟ್ಟಿತು. ಆ ಸಿಳ್ಳೆ ಹೊಡೆದವರ ಸಾಲಿನಲ್ಲಿ ನಾವು ನಿಲ್ಲಬಾರದು. ಇದನ್ನು ನಾನು ತುಂಬ ಗಟ್ಟಿಯಾಗಿ ನಂಬುತ್ತೇನೆ.

ತಪ್ಪು ಸಾಬೀತಾದ್ರೆ ಹಳೇ ಕಪ್ಪುಗಳ ಕಥೆ ಏನು? ಅಗ್ವೇರೋ ಗೋಲಿಗೆ ನಾನು ಅತ್ತಿದ್ದು ಸುಳ್ಳಾ?

ನೀವು ಅತ್ತಿದ್ದು ಸುಳ್ಳಲ್ಲ. 2012ರ ಮೇ 13ರಂದು ಸಿಟಿಗೆ ಲೀಗ್ ಗೆಲ್ಲಿಸಿದ ಆ ಗೋಲನ್ನು ಅಗ್ವೇರೋ ನಿಜವಾಗಿಯೇ ಹೊಡೆದರು, ಎದುರಾಳಿ ಕ್ಯೂಪಿಆರ್ ಆಟಗಾರರು ನಿಜವಾಗಿಯೇ ತಡೆಯೋಕೆ ನೋಡಿದರು. ಆದರೆ ಆ ತಂಡ ಕಟ್ಟಿದ ದುಡ್ಡು ನಿಯಮ ಮೀರಿದ್ದು ಅಂತ ತೀರ್ಪು ಬಂದರೆ, ಕಪ್ ನಮ್ಮದೇ ಅಂತ ಹಟ ಹಿಡಿಯೋದು ಬೇರೆ ಮಾತು. ನನ್ನ ಖುಷಿ ನನ್ನ ಹತ್ತಿರ ಇರಲಿ. ಕಪ್ ಯಾರದ್ದು ಅನ್ನೋದನ್ನು ನಿಯಮ ಹೇಳಲಿ.

ಬೇರೆ ಕಡೆ ಏನಾಯಿತು ನೋಡಿ. ಮಾರ್ಸೇಯ 1992-93ರ ಫ್ರೆಂಚ್ ಲೀಗ್ ಪಟ್ಟ ಹೋಯಿತು, ಅದನ್ನು ಯಾರಿಗೂ ಕೊಡಲಿಲ್ಲ. ಚಾಂಪಿಯನ್ಸ್ ಲೀಗ್ ಕಪ್ ಮಾತ್ರ ಅವರ ಬಳಿಯೇ ಉಳಿಯಿತು. ಯುವೆಂಟಸ್‌ನ 2004-05 ಮತ್ತು 2005-06ರ ಇಟಲಿ ಲೀಗ್ ಪಟ್ಟಗಳನ್ನು, ರೆಫರಿಗಳ ನೇಮಕದ ಮೇಲೆ ಪ್ರಭಾವ ಬೀರಿದ ಹಗರಣಕ್ಕಾಗಿ, 2006ರಲ್ಲಿ ಕಿತ್ತುಕೊಂಡರು. ಒಂದನ್ನು ಯಾರಿಗೂ ಕೊಡಲಿಲ್ಲ, ಇನ್ನೊಂದು ಇಂಟರ್‌ಗೆ ಹೋಯಿತು. ಅಧಿಕೃತ ಲೆಕ್ಕದಲ್ಲಿ ಯುವೆಂಟಸ್‌ಗೆ 36, ಅಭಿಮಾನಿಗಳ ಲೆಕ್ಕದಲ್ಲಿ ಇವತ್ತಿಗೂ 38. ಆ ಎರಡರ ಜಗಳ ಇನ್ನೂ ಮುಗಿದಿಲ್ಲ.

ನಾವೇನ್ ತಪ್ಪು ಮಾಡಿದೀವಿ? ಮಾಲೀಕರು ಮಾಡಿದ್ದಕ್ಕೆ ಶಿಕ್ಷೆ ಯಾಕೆ ನಮಗೆ, ಆಟಗಾರರಿಗೆ?

ಅನ್ಯಾಯ ಅನ್ನಿಸೋದು ಸಹಜ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಮಹಿಳಾ ತಂಡದ ಸಿಬ್ಬಂದಿ ನ್ಯೂಜಿಲೆಂಡ್ ಅಭ್ಯಾಸದ ಮೇಲೆ ಡ್ರೋನ್ ಹಾರಿಸಿದರು. ತಂಡಕ್ಕೆ 6 ಅಂಕ ಕಟ್. ಆಟಗಾರ್ತಿಯರು ಗುಂಪಿನ ಮೂರಕ್ಕೆ ಮೂರೂ ಮ್ಯಾಚ್ ಗೆದ್ದು, ಉಳಿದ 3 ಅಂಕದಲ್ಲೇ ಕ್ವಾರ್ಟರ್ ಫೈನಲ್‌ಗೆ ಹೋದರು. ನನಗೆ ಅವರ ಮೇಲೆ ಅಪಾರ ಗೌರವ. ಆದರೂ ಅಂಕ ಕಿತ್ತಿದ್ದು ಸರಿ ಅಂತಲೇ ಹೇಳುತ್ತೇನೆ. ಬರೀ ದಂಡ ಹಾಕಿದರೆ ದುಡ್ಡಿರುವವರು ಅದನ್ನು ಖರ್ಚಿನ ಲೆಕ್ಕಕ್ಕೆ ಬರೆದುಕೊಂಡು ಮುಂದೆ ಹೋಗುತ್ತಾರೆ.

ಆ ಹಗರಣದ ಶಿಕ್ಷೆಯಾಗಿ ಯುವೆಂಟಸ್ ಎರಡನೇ ದರ್ಜೆಗೆ ಇಳಿದಾಗ ಬುಫಾನ್, ಡೆಲ್ ಪಿಯೆರೋ, ನೆಡ್ವೆಡ್, ಟ್ರೆಝೆಗೆ ಜೊತೆಗೇ ಹೋದರು. ಮೇಲ್ಮನವಿಯ ನಂತರ ಉಳಿದ 9 ಅಂಕದ ಕಡಿತ ಇದ್ದರೂ ಒಂದೇ ವರ್ಷಕ್ಕೆ ಮೇಲೆ ಬಂದರು. ಅವತ್ತಿನ ಅಭಿಮಾನಿಗಳನ್ನು ಕೇಳಿದರೆ ಆ ಸೀಸನ್ ಬಗ್ಗೆ ನಾಚಿಕೆ ಪಡಲ್ಲ.

ಲೀಗು, ರೆಫರಿ, ಪತ್ರಿಕೆ ಎಲ್ಲಾ ಸೇರ್ಕೊಂಡು ನಮ್ಮ ಮೇಲೆ ಪಿತೂರಿ ಮಾಡ್ತಿದ್ದಾರೆ. ಇದನ್ನ ಯಾಕೆ ಬರೆಯಲ್ಲ?

ನಂಬಿಕೆ ಇಲ್ಲದ್ದಕ್ಕೆ. ಸಿಟಿ ಕೇಸನ್ನು ತೀರ್ಮಾನ ಮಾಡೋದು ಲೀಗ್ ಅಲ್ಲ, ಹೊರಗಿನ ಸ್ವತಂತ್ರ ಆಯೋಗ. ಪ್ರಾಯೋಜಕತ್ವದ ನಿಯಮಗಳ ಬಗ್ಗೆ ಸಿಟಿಯೇ ಲೀಗನ್ನು ಪ್ರಶ್ನೆ ಮಾಡಿದಾಗ, 2024ರ ಅಕ್ಟೋಬರ್‌ನಲ್ಲಿ ನ್ಯಾಯಮಂಡಳಿ ಆ ನಿಯಮಗಳ ಕೆಲವು ಭಾಗ ಕಾನೂನಿಗೆ ವಿರುದ್ಧ ಅಂತ ಹೇಳಿತು. ಪಿತೂರಿ ಇದ್ದಿದ್ದರೆ ಅದು ಹೇಗೆ ಸಾಧ್ಯ?

ಎವರ್ಟನ್ ಅಭಿಮಾನಿಗಳು ಅಂಕ ಹೋದಾಗ ಗುಲಾಬಿ ಬಣ್ಣದ ಕಾರ್ಡ್ ಎತ್ತಿ ಹಿಡಿದು ಲೀಗನ್ನೇ ಭ್ರಷ್ಟ ಅಂದರು. ಅವರ ನೋವು ನಿಜ. ಆದರೆ ಅವರ ಮೇಲ್ಮನವಿ ಗೆದ್ದದ್ದು ಕಾರ್ಡಿನಿಂದ ಅಲ್ಲ, ಶಿಕ್ಷೆಯ ಲೆಕ್ಕದಲ್ಲಿ ತಪ್ಪಿದೆ ಅಂತ ತೋರಿಸಿದ್ದರಿಂದ. ಇನ್ನೊಂದು ಮಾತು. ನಮ್ಮೂರಿನ ಜಾವಗಲ್ ಶ್ರೀನಾಥ್ 2006ರಿಂದ ಐಸಿಸಿ ಮ್ಯಾಚ್ ರೆಫರಿ. ಬೇರೆ ದೇಶದ ಅಭಿಮಾನಿ ಬಂದು ಅವರು ಪಕ್ಷಪಾತಿ ಅಂದರೆ ನಮಗೆ ಮೈ ಉರಿಯುತ್ತದೆ. ಯಾಕೆಂದರೆ ಶ್ರೀನಾಥ್ ನಮಗೆ ಗೊತ್ತು. ನಮಗೆ ಗೊತ್ತಿಲ್ಲದ ರೆಫರಿಗಳ ಮೇಲೆ ಮಾತ್ರ ನಮಗೆ ಅಷ್ಟು ಸುಲಭಕ್ಕೆ ಅನುಮಾನ ಬರುತ್ತದೆ.

ಹಾಗಾದ್ರೆ ರೆಫರಿಗಳ ಸಮಿತಿಗೆ ದುಡ್ಡು ಹೋದ ಬಾರ್ಸಾ ಕೇಸು? ಅಲ್ಲಿ ಪಿತೂರಿ ಇಲ್ವಾ?

ಸ್ಪೇನ್‌ನ ರೆಫರಿಗಳ ಸಮಿತಿಯ ಉಪಾಧ್ಯಕ್ಷರಾಗಿದ್ದ ನೆಗ್ರೇರಾ ಅವರ ಕಂಪನಿಗಳಿಗೆ ಬಾರ್ಸಿಲೋನಾ 2001ರಿಂದ 2018ರವರೆಗೆ 7 ಮಿಲಿಯನ್ ಯೂರೋಗಿಂತ ಹೆಚ್ಚು ದುಡ್ಡು ಕೊಟ್ಟಿದೆ. ಇದು 2023ರ ಫೆಬ್ರವರಿಯಲ್ಲಿ ಹೊರಗೆ ಬಂತು. ದುಡ್ಡು ಕೊಟ್ಟಿದ್ದನ್ನು ಕ್ಲಬ್ ಅಲ್ಲಗಳೆದಿಲ್ಲ. ರೆಫರಿಗಳ ಬಗ್ಗೆ ವರದಿ, ಸಲಹೆಗೆ ಕೊಟ್ಟಿದ್ದು ಅನ್ನೋದು ಅದರ ವಾದ. ಯಾವುದೋ ಒಂದು ಮ್ಯಾಚನ್ನು ಕೊಂಡರು ಅನ್ನೋಕೆ ಅದೊಂದೇ ಸಾಲದು. ಆದರೆ ರೆಫರಿಗಳ ಮೇಲೆ ಅಧಿಕಾರ ಇರುವವರಿಗೆ ಕ್ಲಬ್ಬೊಂದು ದುಡ್ಡು ಕೊಡುತ್ತಿತ್ತು ಅನ್ನೋದೇ ಸಾಕಷ್ಟು ಕೆಟ್ಟ ವಿಷಯ. ಬಾರ್ಸಾ ಗೆಳೆಯರು "ಬರೀ ವರದಿ ಅಲ್ವಾ" ಅಂದಾಗ, ಅದೇ ದುಡ್ಡನ್ನು ಮ್ಯಾಡ್ರಿಡ್ ಕೊಟ್ಟಿದ್ದರೆ ಏನನ್ನುತ್ತಿದ್ದಿರಿ ಅಂತ ಕೇಳಿ. ಬೇರೆ ವಾದ ಬೇಕಾಗಲ್ಲ.

ತೀರ್ಪು ಬಂದ ದಿನ ನಾವೆಲ್ಲಾ ಏನ್ ಮಾಡ್ಬೇಕು?

ಮೊದಲು ಫೋನ್ ಕೆಳಗಿಡಿ. ಇಂಥ ತೀರ್ಪುಗಳಿಗೆ ಬರವಣಿಗೆಯಲ್ಲಿ ಕಾರಣ ಕೊಡುತ್ತಾರೆ. ಎವರ್ಟನ್, ಫಾರೆಸ್ಟ್ ತೀರ್ಪುಗಳೂ ಹಾಗೇ ಎಲ್ಲರೂ ಓದುವಂತೆ ಹೊರಗೆ ಬಂದವು. ಇಂಗ್ಲಿಷ್ ಕಷ್ಟ ಅನ್ನುವವರು ಕರೆಯಿರಿ, ಭಾನುವಾರ ಸಂಜೆ ಕೂತು ಒಟ್ಟಿಗೆ ಓದೋಣ. ಯುನೈಟೆಡ್, ಲಿವರ್‌ಪೂಲ್‌ನವರೂ ಬನ್ನಿ, ಜಗಳಕ್ಕೆ ಜನ ಬೇಕು. ಓದುವಾಗ ಮೊದಲ ಪುಟದ ಸಾರಾಂಶ ನೋಡಿ ಎದ್ದು ಹೋಗಬೇಡಿ. ಯಾವ ಸಾಕ್ಷಿಯನ್ನು ಯಾಕೆ ನಂಬಿದರು, ಯಾವುದನ್ನು ಯಾಕೆ ಬಿಟ್ಟರು ಅನ್ನೋದು ಮಧ್ಯದ ಪುಟಗಳಲ್ಲಿ ಇರುತ್ತದೆ, ಶಿಕ್ಷೆ ಅಷ್ಟೇ ಯಾಕೆ ಅನ್ನೋದು ಕೊನೆಯಲ್ಲಿ.